ಮಗನ ಕಿವೀಲಿ ಮೆಟಾಲಿಕಾ

ನಮ್ಮ ಚಿಕ್ಕೋನಿಗೆ ಪಿಯುಸಿ ಮುಗಿಯೋ ಹೊತ್ತಿಗೆ ಹೆವಿ ಮೆಟಲ್ ಹುಚ್ಚು ಹಿಡೀತು ಕಣ್ರೀ. ಮೆಟಾಲಿಕಾ ಬ್ಯಾಂಡಿನ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮೇ ಎಲ್ಲಕ್ಕಿಂತ ಮೇಲು, 1991ರ ಕಪ್ಪು ಕವರ್‌ನದು ಸ್ವಲ್ಪ ಮೆತ್ತಗಾಯ್ತು ಅಂತ ವಾದ ಮಾಡ್ತಾನೆ. 2011ರ ಅಕ್ಟೋಬರ್ 30ಕ್ಕೆ ಅವರು ನಮ್ಮ ಅರಮನೆ ಮೈದಾನಕ್ಕೇ ಬಂದು ಹಾಡಿದ್ರಂತೆ. ಆಗ ತಾನಿನ್ನೂ ಮಗು ಅನ್ನೋದೇ ಇವನ ಸಂಕಟ. ಹಾಡು ಇರಲಿ ಬಿಡಿ, ನಮ್ಮೂರ ಜಾತ್ರೆ ತಮಟೆಗಿಂತ ಜೋರೇನಲ್ಲ.

ನನಗೆ ಚಿಂತೆ ಇಯರ್‌ಫೋನಿಂದು. ದೀಪಾಂಜಲಿ ನಗರದ ಮೆಟ್ರೋ ಹತ್ತೋ ತನಕ ಮೈಸೂರು ರಸ್ತೆ ಗಲಾಟೆ. ಅದು ಕೇಳಿಸಬಾರದು ಅಂತ ವಾಲ್ಯೂಮ್ ತುದಿಗೇರಿಸ್ತಾನೆ. ಹೋದ ತಿಂಗಳು ಒಂದು ರಾತ್ರಿ, "ಅಮ್ಮಾ, ಕಿವೀಲಿ ಗುಂಯ್ ಅಂತಿದೆ" ಅಂದ. ಎದೆ ಧಸಕ್ ಅಂತು. ಕಿವಿಯೊಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶ ಸತ್ತರೆ ಮತ್ತೆ ಹುಟ್ಟಲ್ಲ ಅಂದ್ರು ಡಾಕ್ಟ್ರು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದ್ರೆ ಬರೀ 4 ಗಂಟೆ!

ಇವರಪ್ಪ ಎಲ್ಲಾ ಕಿತ್ತಿಡು ಅಂದ್ರು. ನಾನು ಒಪ್ಪಲಿಲ್ಲ. ಹೊರಗಿನ ಸದ್ದು ತಗ್ಗಿಸೋ ಹೆಡ್‌ಫೋನ್ ಬರುತ್ತಲ್ಲ, ಅದಿದ್ರೆ ವಾಲ್ಯೂಮ್ ಅಷ್ಟು ಏರಿಸಬೇಕಿಲ್ಲ. ಚೀಟಿ ದುಡ್ಡಲ್ಲಿ ಕೊಡಿಸಿದೆ. ರಸ್ತೇಲಿ ನಡೀವಾಗ ಮಾತ್ರ ಕಿವಿಗೆ ಹಾಕೋ ಹಾಗಿಲ್ಲ. ಫೋನಲ್ಲಿ ವಾಲ್ಯೂಮ್ ಮಿತಿ ಅವನೇ ಹಾಕ್ಕೊಂಡ. ಗುಂಯ್ ಅನ್ನೋದು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಸೋಮವಾರ ಮತ್ತೆ ಕಿವಿ ಪರೀಕ್ಷೆ ಇದೆ.