ಕೆಂಪು ಮುರುಮು, ಕಪ್ಪು ಎರೆ: ಡಾಬಕಾಕ್ಕೆ ಸೈಕಲ್ ಹಾದಿ

ಬೀದರ್ ಕೋಟೆಯ ಉತ್ತರಕ್ಕೆ ಬಂದರೆ ನೆಲ ಒಮ್ಮೆಲೇ ಇಳಿಜಾರಾಗುತ್ತದೆ. ಮೇಲೆ ಜಂಬಿಟ್ಟಿಗೆ ಕಲ್ಲಿನ ಕೆಂಪು ಪ್ರಸ್ಥಭೂಮಿ, ಕೆಳಗೆ ಮಾಂಜ್ರಾ ಬಯಲಿನ ಎರೆ ಹೊಲಗಳು. ಸೈಕಲ್ ಮೇಲೆ ಮಹಾರಾಷ್ಟ್ರ ಗಡಿಗೆ ಹತ್ತಿರದ ಡಾಬಕಾ ಊರಿಗೆ ಹೋಗಿಬರೋಣವೆಂದು ನಾನೂ ಭಾಲ್ಕಿಯ ಗೆಳೆಯನೂ ಗೊತ್ತುಮಾಡಿಕೊಂಡಾಗ ಇದ್ದದ್ದು ಒಂದೇ ಕರಾರು: ಆದಷ್ಟೂ ಡಾಂಬರು ಬಿಟ್ಟು ಬಂಡಿ ಹಾದಿ ಹಿಡಿಯಬೇಕು. ಹೊರಡಲು ಆರಿಸಿಕೊಂಡ ದಿನ ಎಳ್ಳ ಅಮಾವಾಸ್ಯೆ.

ನಮ್ಮವು ಗ್ರಾವೆಲ್ ಸೈಕಲ್‌ಗಳು. ರೇಸಿನ ಸೈಕಲ್ಲಿಗಿರುವಂಥ ಬಾಗಿದ ಹ್ಯಾಂಡಲ್, ಆದರೆ ಟೈರು 40 ಮಿ.ಮೀ. ಅಗಲ. ಗಾಳಿಯನ್ನು ಬೇಕೆಂದೇ ಕಡಿಮೆ ತುಂಬುತ್ತೇವೆ. ಆಗ ಟೈರು ಹರಳುಗಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಉರುಳುತ್ತದೆ. ಒಳಗೆ ಟ್ಯೂಬಿಲ್ಲ, ಅಂಟು ದ್ರವವಿದೆ. ಜಾಲಿ ಮುಳ್ಳು ನೆಟ್ಟರೆ ಆ ದ್ರವವೇ ಹೊರನುಗ್ಗಿ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಬೀದರ್ ಜಿಲ್ಲೆಯ ಹೊಲದ ಹಾದಿಗಳಿಗೆ ಇದಿಲ್ಲದೆ ಇಳಿಯುವುದು ಬೇಡ.

ಈ ಬಗೆಯ ಸವಾರಿಗೆ ಮೆಡಿಟರೇನಿಯನ್ ಸೀಮೆಯ ಬೆಟ್ಟಗಳೂ ಹೆಸರಾಗಿವೆ. ಬಾರ್ಸಿಲೋನಾಕ್ಕೆ ಸಮೀಪದ ಮೊಂಟ್ಸೆನಿ ನಿಸರ್ಗಧಾಮವನ್ನು ಯುನೆಸ್ಕೊ 1978ರಲ್ಲೇ ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಹಿಂದೆ ಇದ್ದಿಲು ಸುಡುವವರು ಓಡಾಡಿದ ಓಕ್ ಕಾಡಿನಲ್ಲಿ ಇಂದು ಸೈಕಲ್‌ಗಳು ಓಡುತ್ತವೆ. ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಇಟಲಿಯ ಟಸ್ಕನಿಯ ಸಂಗತಿ. ಅಲ್ಲಿನ ಬಿಳಿ ಮಣ್ಣಿನ ದಾರಿಗಳು ಒಂದೊಂದಾಗಿ ಡಾಂಬರಿನಡಿ ಮುಚ್ಚಿಹೋಗುವುದನ್ನು ತಡೆಯಲೆಂದು 1997ರಲ್ಲಿ ‘ಲೆರೋಯಿಕಾ’ ಎಂಬ ಸೈಕಲ್ ಸವಾರಿ ಶುರುವಾಯಿತು. ಜನ ಹಳೆಯ ಸೈಕಲ್ ಹತ್ತಿ ಬಂದರು, ದಾರಿಗಳಿಗೆ ಬೆಲೆ ಬಂತು. 2007ರಿಂದ ಅದೇ ದಾರಿಗಳಲ್ಲಿ ‘ಸ್ಟ್ರಾಡೆ ಬಿಯಾಂಕೆ’ ಎಂಬ ವೃತ್ತಿಪರ ರೇಸು ನಡೆಯುತ್ತಿದೆ.

ನಮ್ಮಲ್ಲಿ ಅಂಥ ದಾರಿಗಳಿಗೆ ಕೊರತೆಯಿಲ್ಲ. ಬೀದರಿನ ಕೆಂಪು ನೆಲದಲ್ಲಿ ಮುರುಮು ಎಂಬ ಗರಸು ಮಣ್ಣು ತಾನಾಗಿಯೇ ಹಾಸಿಕೊಂಡಿರುತ್ತದೆ. ಬಹಮನಿಗಳು ಕೋಟೆಯ ಕಂದಕವನ್ನು ಇದೇ ಜಂಬಿಟ್ಟಿಗೆಯಲ್ಲಿ ಕೊರೆದರು. ಬೀದರಿನ ನೌಬಾದಿನಲ್ಲಿರುವ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗದಲ್ಲಿ ನೀರು ಹರಿದದ್ದೂ ಈ ಕಲ್ಲು ಮಳೆಯನ್ನು ಹೀರಿ ಕೆಳಗೆ ಬಿಟ್ಟುಕೊಟ್ಟದ್ದರಿಂದ. ಸವಾರನಿಗೂ ಇದರಿಂದ ಲಾಭವಿದೆ. ಮಳೆ ನಿಂತು ಸ್ವಲ್ಪ ಹೊತ್ತಿಗೆ ಕೆಂಪು ಹಾದಿ ಓಡಾಟಕ್ಕೆ ಸಿದ್ಧ. ಇಳಿಜಾರು ಮುಗಿದು ಎರೆ ಶುರುವಾದಲ್ಲಿ ಈ ಸೌಲಭ್ಯ ಮುಗಿಯಿತು. ಒಣಗಿದಾಗ ಎರೆ ಹಾದಿ ಸಿಮೆಂಟಿನಷ್ಟು ಗಟ್ಟಿ, ಬಂಡಿ ಗಾಲಿ ಕೊರೆದ ಎರಡು ಜಾಡಿನ ನಡುವೆ ಒಣ ಹುಲ್ಲು. ನೆನೆದರೆ ಹೆಜ್ಜೆ ಕೀಳಲೂ ಬಿಡುವುದಿಲ್ಲ.

ಜನವಾಡ ದಾಟಿ ಕೌಠಾದ ಹತ್ತಿರ ಮಾಂಜ್ರಾ ಸೇತುವೆಗೆ ಬಂದೆವು. ನದಿ ದಾಟಲು ಡಾಂಬರು ರಸ್ತೆಯೇ ಗತಿ. ಸಂತಪೂರದ ಮೇಲಿಂದ ಔರಾದ ತಲುಪಿ ಅಮರೇಶ್ವರನಿಗೆ ಕೈಮುಗಿದು ಚಹಾ ಕುಡಿದದ್ದು ಬಿಟ್ಟರೆ ಈ ಭಾಗದಲ್ಲಿ ಹೇಳುವಂಥದ್ದು ಕಡಿಮೆ.

ನಿಜವಾದ ಸವಾರಿ ಔರಾದ ಬಿಟ್ಟು ಗಡಿಯ ಕಡೆ ತಿರುಗಿದ ಮೇಲೆ. ನೆಲ ಅಲೆಯಲೆಯಾಗಿ ಏಳುತ್ತದೆ, ಇಳಿಯುತ್ತದೆ. ದಿಬ್ಬದ ನೆತ್ತಿಯಲ್ಲಿ ಕೆಂಪು, ತಗ್ಗಿನಲ್ಲಿ ಕಪ್ಪು. ಒಂದು ಕಡೆ ಕಟಾವಿಗೆ ಬಂದ ತೊಗರಿ, ಇನ್ನೊಂದು ಕಡೆ ಮೊಣಕಾಲೆತ್ತರದ ಬಿಳಿಜೋಳ, ಬದುವಿಗೆ ಕುಸುಬಿ. ಒಂದು ತಿರುವಿನಲ್ಲಿ ಚಿಗರಿ ಹಿಂಡು ಕಡಲೆ ಹೊಲದಿಂದ ತಲೆ ಎತ್ತಿತು. ಗಂಡು ಕಪ್ಪಗೆ, ಸುರುಳಿ ಕೋಡು. ನಾವು ನಿಂತೆವು, ಅವೂ ನಿಂತವು. ಆಮೇಲೆ ಒಂದರ ಹಿಂದೊಂದು ಹಾದಿಯನ್ನು ಜಿಗಿದು ಹೋದವು. ಕೃಷ್ಣಮೃಗ ನೋಡುವ ಸಂತೋಷ ನಮ್ಮದು, ಬೆಳೆಯ ನಷ್ಟ ರೈತನದು. ಎರಡನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ಅಂದು ಊರುಗಳಲ್ಲಿ ಜನವೇ ಇರಲಿಲ್ಲ. ಎಳ್ಳ ಅಮಾವಾಸ್ಯೆಗೆ ಈ ಸೀಮೆ ಪೂರ್ತಿ ಪೂಜೆಗೆಂದು ಹೊಲದಲ್ಲಿರುತ್ತದೆ. ಡಾಬಕಾ ಇನ್ನೂ ಸ್ವಲ್ಪ ದೂರವಿರುವಾಗ ಹೊಲದಿಂದ ಒಬ್ಬ ಹಿರಿಯರು ಕೈ ಬೀಸಿ ಕರೆದರು.

“ಎಲ್ಲಿಗ್ ಹೊಂಟೀರಿ ತಮ್ಮಾ? ಇವತ್ತ್ ಹಂಗ ಹೋಗಬಾರದು. ಉಂಡು ಹೋಗ್ರಿ.”

ಜೋಳದ ದಂಟಿನ ಸಣ್ಣ ಕೊಪ್ಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳಿದ್ದವು, ಅವರೇ ಪಾಂಡವರು. ಪೂಜೆ ಮುಗಿದು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಆಗಿತ್ತು. ಅವರ ಸೊಸೆ ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಬಡಿಸಿದರು. ಇದು ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ ಸೊಪ್ಪನ್ನೆಲ್ಲ ಹುಣಸೆ ಹುಳಿಯಲ್ಲಿ ಕುದಿಸಿ ಕಡಲೆ ಹಿಟ್ಟಿನಿಂದ ಮಂದ ಮಾಡಿದ್ದು. ಜೊತೆಗೆ ಮಣ್ಣಿನ ಗಡಿಗೆಯಿಂದ ಬೆಳ್ಳುಳ್ಳಿ ವಾಸನೆಯ ತಣ್ಣನೆ ಅಂಬಲಿ. ನಾನು ಎರಡನೇ ಲೋಟ ಕೇಳುವ ಮೊದಲೇ ಸುರಿದರು.

ಹಾದಿಯ ಬಗ್ಗೆ ವಿಚಾರಿಸಿದೆ. “ಕಾಕಾ, ಮಳೆಗಾಲದಾಗ ಹ್ಯಾಂಗ?” ಅಂದೆ.

“ಮಳಿ ಬಂದ್ರ ನಾಕ್ ದಿನ ಇದರಾಗ ಇಳೀಬ್ಯಾಡ್ರಿ. ಬಂಡಿ ಗಾಲೀನೇ ತಿರಗಲ್ಲ, ನಿಮ್ ಸೈಕಲ್ ಏನ್ ತಿರಗತದ? ದಿಬ್ಬದ ಮ್ಯಾಲಿನ ಕೆಂಪ್ ಹಾದಿ ಹಿಡೀರಿ.”

ಯಾವ ಮ್ಯಾಪಿನಲ್ಲೂ ಈ ಮಾತು ಸಿಗುವುದಿಲ್ಲ.

ಅತ್ತ ಗಡಿಯಾಚೆ ಮಹಾರಾಷ್ಟ್ರದ ಉದಗೀರ ಕಡೆಯ ಹೊಲಗಳಲ್ಲೂ ಅದೇ ದಿನ ಅದೇ ಭಜ್ಜಿ, ಅದೇ ಅಂಬಲಿ. 1956ರವರೆಗೆ ಉದಗೀರವೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಮುಂಬಯಿ ರಾಜ್ಯಕ್ಕೆ ಹೋಯಿತು, ಔರಾದ, ಭಾಲ್ಕಿ ಮೈಸೂರಿಗೆ ಬಂದವು. ಬಂಡಿ ಹಾದಿಗಳು ಮಾತ್ರ ಗಡಿಕಲ್ಲಿನ ಪಕ್ಕದಿಂದಲೇ ಹಾದು ಆಚೆ ಊರಿನ ಸಂತೆಗೆ ಸೇರುತ್ತವೆ. ಡಾಬಕಾದಲ್ಲಿ ನಮ್ಮನ್ನು ಮಾತಾಡಿಸಿದವರು ಒಂದೇ ವಾಕ್ಯದಲ್ಲಿ ಕನ್ನಡ ಮರಾಠಿ ಎರಡನ್ನೂ ಆಡಿದರು. ಮರಳುವಾಗ ಕಮಲನಗರದ ಮೇಲಿಂದ ಭಾಲ್ಕಿಗೆ ಬಂದೆವು. ಕತ್ತಲಾದ್ದರಿಂದ ಕೊನೆಯ ಭಾಗ ಡಾಂಬರಿನ ಮೇಲೆಯೇ ಕಳೆಯಿತು.

ಊರಿಗೊಂದು ಪಕ್ಕಾ ರಸ್ತೆ ಬೇಕು. ಬಾಣಂತಿ, ಶಾಲೆಯ ಮಕ್ಕಳು, ಕಬ್ಬಿನ ಲಾರಿಗೆ ಅದು ಬೇಕೇ ಬೇಕು. ಸೈಕಲ್ಲಿಗನ ಶೋಕಿಗಾಗಿ ಅದನ್ನು ತಡೆಯಬಾರದು. ಆದರೆ ಹೊಲದಿಂದ ಹೊಲಕ್ಕೆ ಹೋಗುವ ಹಳೆಯ ಬಂಡಿ ಹಾದಿಗಳು ಈಗ ಎರಡೂ ಬದಿಯ ಒತ್ತುವರಿಯಿಂದ ಕಿರಿದಾಗುತ್ತಿವೆ, ಕೆಲವು ಕಡೆ ಉಳುಮೆಯಲ್ಲೇ ಅಳಿಸಿಹೋಗಿವೆ. ಗ್ರಾಮ ಪಂಚಾಯಿತಿಗಳು ಅವನ್ನು ಅಳತೆ ಮಾಡಿಸಿ, ಕಲ್ಲು ನೆಡಿಸಿ, ತಗ್ಗಿನಲ್ಲಿ ನಾಲ್ಕು ಬುಟ್ಟಿ ಮುರುಮು ಹಾಕಿಸಿದರೆ ಸಾಕು. ರೈತನ ಬಂಡಿಗೂ ಅನುಕೂಲ, ಬೀದರ್ ಕೋಟೆ ನೋಡಿ ಅದೇ ದಿನ ಹಿಂದಿರುಗುವ ಪ್ರವಾಸಿಗೂ ಇನ್ನೊಂದು ದಿನ ಉಳಿಯಲು ಕಾರಣ ಸಿಗುತ್ತದೆ.

ಹೋಗುವವರು ದೀಪಾವಳಿಯಿಂದ ಶಿವರಾತ್ರಿಯೊಳಗೆ ಹೋಗಿ. ನೀರು ಜಾಸ್ತಿ ಇರಲಿ, ಬಿತ್ತಿದ ಹೊಲಕ್ಕೆ ಗಾಲಿ ತಾಗಿಸಬೇಡಿ, ಎತ್ತಿನ ಬಂಡಿ ಎದುರಾದರೆ ಇಳಿದು ಪಕ್ಕಕ್ಕೆ ನಿಲ್ಲಿ.