ಎಸ್ಟಿಮೇಟ್‌ನಲ್ಲಿದ್ದ ಒಂದು ಸಾಲು

ಮಾನ್ಸ್‌ಪ್ಲಾಸ್ಟಿ. ಈ ಪದ ನಾನು ಮೊದಲು ನೋಡಿದ್ದು ಅಕ್ಕನ ಆಸ್ಪತ್ರೆ ಎಸ್ಟಿಮೇಟ್‌ನಲ್ಲಿ. ಟಮ್ಮಿ ಟಕ್ ಅಂದ್ರೆ ಗೊತ್ತಿತ್ತು, ಅದರ ಕೆಳಗೆ ಇದೊಂದು ಸಾಲು. ಆಫೀಸಲ್ಲಿ ಕೂತು ಗೂಗಲ್ ಮಾಡಿದೆ, ಬಂದ ಚಿತ್ರಗಳನ್ನ ನೋಡಿ ಪಟ್ ಅಂತ ಲ್ಯಾಪ್‌ಟಾಪ್ ಮುಚ್ಚಿದೆ. ಹೊಟ್ಟೆಯ ಬುಡದಲ್ಲಿ, ಜನನಾಂಗದ ಮೇಲೆ ಜೋತುಬಿದ್ದ ಚರ್ಮ ಮತ್ತು ಕೊಬ್ಬನ್ನು ತೆಗೆದು, ಉಳಿದದ್ದನ್ನು ಮೇಲಕ್ಕೆಳೆದು ಹೊಲಿಯುವ ಆಪರೇಷನ್ ಅದು.

ಅಕ್ಕ 118 ಕೆಜಿ ಇದ್ದಳು. ಬೇರಿಯಾಟ್ರಿಕ್ ಸರ್ಜರಿ ಆಗಿ ಎರಡು ವರ್ಷಕ್ಕೆ 66ಕ್ಕೆ ಬಂದಳು. ಊರಲ್ಲೆಲ್ಲ ಹೊಗಳಿಕೆಯೋ ಹೊಗಳಿಕೆ. ಆದರೆ ವರ್ಷಗಟ್ಟಲೆ ಹಿಗ್ಗಿದ ಚರ್ಮ ರಬ್ಬರ್ ಥರ ವಾಪಸ್ ಹೋಗಲ್ಲ ನೋಡಿ. ಸೀರೆಯೊಳಗೆ ಮಡಿಕೆ ಮಡಿಕೆಯಾಗಿ ಜೋತು ಬಿದ್ದಿತ್ತು. ಮಡಿಕೆಯಲ್ಲಿ ಬೆವರು, ಬೆವರಿಗೆ ಫಂಗಸ್, ಕೆರೆದು ಕೆರೆದು ಹುಣ್ಣು. ಮೂತ್ರ ಮಾಡಿದರೆ ನೇರ ಬೀಳ್ತಿರಲಿಲ್ಲ. ಇಷ್ಟನ್ನ ಹೇಳೋಕೆ ನಮ್ಮೂರ ಕಡೆ ಹೆಂಗಸರಿಗೆ ಒಂದು ಮರ್ಯಾದಸ್ಥ ಪದ ಇಲ್ಲ. ನನ್ನ ಹೆಂಡತಿ ಹತ್ರ ಅವಳು ಅಂದಿದ್ದು 'ಕೆಳಗೆ ಉರಿ ಕಣೇ' ಅಂತ ಅಷ್ಟೇ. ಬಾಕಿಯನ್ನ ಡಾಕ್ಟರೇ ಬಿಡಿಸಿ ಕೇಳಬೇಕಾಯ್ತು.

ಇನ್ಶೂರೆನ್ಸ್ ವಿಷಯ ನನ್ನ ಪಾಲಿಗೆ ಬಂತು. ಐಆರ್‌ಡಿಎಐ 2019ರಲ್ಲಿ ಹೊರಗಿಡುವ ಖರ್ಚುಗಳ ಪಟ್ಟಿಯನ್ನ ಎಲ್ಲ ಕಂಪನಿಗೂ ಒಂದೇ ಮಾಡಿತು. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿ ಅದರಲ್ಲಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆಗಿದ್ದರೆ ಸರಿ. ಇಲ್ಲವಾದರೆ ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ಇದೆ ಅಂತ ಡಾಕ್ಟರ್ ಬರೆದುಕೊಡಬೇಕು. ಡಾಕ್ಟರ್ ಬರೆದರು. ಕಂಪನಿಯವರು ಫೋಟೊ ಕೇಳಿದರು. ಅಕ್ಕ ಆಗಲ್ಲ ಅಂದಳು. ಯಾವನೋ ಟೇಬಲ್ ಹಿಂದೆ ಕೂತೋನು ನನ್ನದನ್ನ ನೋಡೋದು ಬೇಡ, ಬಳೆ ಇಟ್ಟರಾಯ್ತು. ನಾನು ವಾದ ಮಾಡಲಿಲ್ಲ. ಎರಡು ಜೊತೆ ಬಳೆ ಗಿರವಿಗೆ ಹೋದವು.

ಆಪರೇಷನ್ ಆದ ಮೇಲಿನದ್ದನ್ನ ಯಾವ ಬಿಫೋರ್-ಆಫ್ಟರ್ ಫೋಟೊನೂ ಹೇಳಲ್ಲ. ಡ್ರೇನ್ ಟ್ಯೂಬು, ಬಿಗಿ ಬೆಲ್ಟು. ಊತ ಕೆಳಗಿಳಿದು ಅಲ್ಲೇ ನಿಲ್ಲುತ್ತೆ, ವಾರಗಟ್ಟಲೆ ಮೊದಲಿಗಿಂತ ದಪ್ಪ ಕಾಣುತ್ತೆ. 'ಇದಕ್ಕಾ ಬಳೆ ಇಟ್ಟಿದ್ದು' ಅಂತ ಅಕ್ಕ ಅತ್ತಿದ್ದು ಆಗಲೇ. ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡು ಮೂರು ವಾರ ಡ್ರೆಸ್ಸಿಂಗ್. ಹೊಲಿಗೆ ಬಿಡೋದು, ನೀರು ತುಂಬೋದು, ಸೋಂಕು, ಇವೆಲ್ಲ ಇಂಥ ಸರ್ಜರಿಯಲ್ಲಿ ಅಪರೂಪ ಏನಲ್ಲ. ಸಿಗರೇಟ್ ಸೇದೋರಿಗೆ ಇನ್ನೂ ಜಾಸ್ತಿ.

ಫಲಿತಾಂಶ ಅಳೆಯೋಕೆ ಬಾಡಿ-ಕ್ಯೂ ಅಂತ ಪ್ರಶ್ನಾವಳಿ ಇದೆ. ಉತ್ತರ ಕೊಡೋರು ಸರ್ಜನ್ ಅಲ್ಲ, ರೋಗಿ. ನನಗೆ ಇದು ಸರಿ ಅನ್ನಿಸ್ತು. ಡೆಮೊ ಚೆನ್ನಾಗಿ ಓಡಿದ ಮಾತ್ರಕ್ಕೆ ಪ್ರಾಡಕ್ಷನ್‌ನಲ್ಲೂ ಓಡುತ್ತೆ ಅಂತ ನಮ್ಮ ಕಸುಬಲ್ಲಿ ಯಾರೂ ನಂಬಲ್ಲ.

ಅಕ್ಕನಿಗೆ ಯಾರೂ ಪ್ರಶ್ನಾವಳಿ ಕೊಟ್ಟಿಲ್ಲ. ಹೊಲಿಗೆಯ ಮೇಲ್ಭಾಗ ಇವತ್ತಿಗೂ ಜೋಮು, ಗಾಯದ ಗೆರೆ ಒಂದು ಕಡೆ ಸೊಟ್ಟ. ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆಯಲ್ಲಿ ಟೇಬಲ್ ಊಟ ಬಿಟ್ಟು, ಹಳಬರ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎರಡು ಸಲ ಪಾಯಸ ಹಾಕಿಸಿಕೊಂಡಳು. ಒಂದು ಜೊತೆ ಬಳೆ ಬಿಡಿಸಿ ಆಗಿದೆ, ಇನ್ನೊಂದು ಬಾಕಿ.