ಚೆನ್ನಾಗಿದ್ದಾನೆ ಅನ್ಬೇಡಮ್ಮಾ

ಮೆಲ್ಬರ್ನಿನ ನಮ್ಮ ಮನೆಯಲ್ಲಿ ಪ್ರತಿ ಮೀಟಿಂಗಿನ ಹಿಂದಿನ ರಾತ್ರಿ ಅಮ್ಮನಿಗೆ ನನ್ನದು ಒಂದೇ ಪಾಠ. "ಅವರು ಕೇಳಿದಾಗ ಚೆನ್ನಾಗಿದ್ದಾನೆ ಅನ್ಬೇಡಮ್ಮಾ. ಅವನಿಗೆ ಏನೇನು ಆಗಲ್ಲವೋ ಅದನ್ನ ಹೇಳು."

ತಮ್ಮನಿಗೆ ಹತ್ತೊಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಅವನ ಥೆರಪಿ, ಗಾಲಿಕುರ್ಚಿ, ಸಹಾಯಕರ ಸಂಬಳ ಎಲ್ಲಕ್ಕೂ ದುಡ್ಡು ಬರುವುದು ಎನ್‌ಡಿಐಎಸ್‌ನಿಂದ. 2013ರ ಕಾನೂನಿನ ಮೂಲಕ ಆಸ್ಟ್ರೇಲಿಯಾ ಸರ್ಕಾರ ಅಂಗವಿಕಲರಿಗಾಗಿ ತಂದ ಯೋಜನೆ ಅದು.

ಮೊದಲ ಮೀಟಿಂಗಿನಲ್ಲಿ ಅಮ್ಮ, "ಊಟ ಅವನೇ ಮಾಡ್ತಾನೆ" ಅಂದುಬಿಟ್ಟಳು. ತುತ್ತು ಕಲಸಿ ಬಾಯಿಗಿಡುವವಳು ಅವಳೇ! ಮಗನ ಕೊರತೆಯನ್ನ ಹೊರಗಿನವರ ಮುಂದೆ ಆಡೋದು ಹೇಗೆ ಅನ್ನೋದು ಅವಳ ಸಂಕಟ. ಆ ವರ್ಷದ ಪ್ಲ್ಯಾನಿನಲ್ಲಿ ಊಟಕ್ಕೆ ಸಹಾಯವೇ ಇರಲಿಲ್ಲ. ತಪ್ಪು ಅವರದ್ದಲ್ಲ, ಅಮ್ಮ ಹೇಳಿದ್ದನ್ನೇ ಬರೆದುಕೊಂಡಿದ್ದರು. ಆಮೇಲೆ ಥೆರಪಿಸ್ಟರ ವರದಿಗಳನ್ನು ಮುಂದಿಟ್ಟೆವು. ಅಮ್ಮ ನುಂಗಿಕೊಂಡದ್ದನ್ನೆಲ್ಲ ಅವು ಹೇಳುತ್ತಿದ್ದವು.

ಈಗ ಕ್ರಮವೇ ಬದಲಾಗುತ್ತಿದೆ. ತಿದ್ದುಪಡಿ ಕಾನೂನು 2024ರ ಅಕ್ಟೋಬರ್ 3ರಂದು ಜಾರಿಗೆ ಬಂತು. ಯಾವುದಕ್ಕೆ ದುಡ್ಡುಂಟು, ಯಾವುದಕ್ಕಿಲ್ಲ ಅಂತ ಪಟ್ಟಿಯೇ ಇದೆ. 2025ರ ಮೇನಿಂದ ಹೊಸ ಪ್ಲ್ಯಾನುಗಳ ಹಣ ಹೆಚ್ಚಾಗಿ ಮೂರು ತಿಂಗಳ ಕಂತಿನಲ್ಲಿ. ಇನ್ನು ಬರಲಿರುವುದು ದೊಡ್ಡ ಬದಲಾವಣೆ. ಒಂದೊಂದು ನೆರವಿಗೂ ಬೇರೆ ಬೇರೆ ಲೆಕ್ಕ ಹಾಕುವ ಬದಲು, ತರಬೇತಾದ ಅಸೆಸರ್ ಒಬ್ಬರು ಎದುರು ಕೂತು, 'ಐ-ಕ್ಯಾನ್' ಅನ್ನುವ ಪ್ರಶ್ನಾಕ್ರಮದಲ್ಲಿ ನೆರವಿನ ಅಗತ್ಯ ಅಳೆಯುತ್ತಾರೆ. ಅದರ ಮೇಲೆ ಒಟ್ಟು ಬಜೆಟ್. ಮೊದಲ ಸರದಿ 16 ದಾಟಿದವರದ್ದು. ವರದಿಗಳಿಗಾಗಿ ಅಲೆದು ದುಡ್ಡು ಸುರಿಯೋದು ತಪ್ಪುತ್ತೆ, ಖರ್ಚು ಮಾಡೋದರಲ್ಲಿ ಸ್ವಲ್ಪ ಸ್ವಾತಂತ್ರ್ಯವೂ ಸಿಗುತ್ತೆ ಅಂತಾರೆ. ಒಳ್ಳೆಯದೇ. ಆದರೆ ಇನ್ನು ಮುಂದೆ ಬಾಯಿಬಿಟ್ಟು ಹೇಳಬೇಕಾದವರು ನಾವೇ.

ಮೊನ್ನೆ ಊಟದ ಟೇಬಲ್ಲಿನಲ್ಲಿ ರಿಹರ್ಸಲ್ ಶುರುಮಾಡಿದೆವು. "ಸ್ನಾನ ಮಾಡಿಸಬೇಕು. ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕು..." ಪಕ್ಕದ ರೂಮಿನಲ್ಲಿ ತಮ್ಮ ಇದ್ದನೆಂದು ಅಮ್ಮನ ದನಿ ತಗ್ಗಿತು. ಆದರೂ ಅವನಿಗೆ ಕೇಳಿಸಿತ್ತು.

"ಅಕ್ಕಾ, ನಾ-ನೇ ಹೇ-ಳ್ತೀನಿ."

ಹೇಳಿದ, ನಿಧಾನಕ್ಕೆ. ರಾತ್ರಿ ಕಾಲು ಸೆಟೆದು ನೋವಾದರೂ ಎಷ್ಟೋ ಸಲ ಅಮ್ಮನನ್ನು ಎಬ್ಬಿಸುವುದಿಲ್ಲವಂತೆ. ಅವಳಿಗೂ ನಿದ್ದೆ ಬೇಕಲ್ಲ ಅಂದ. ಅದು ಯಾವ ವರದಿಯಲ್ಲೂ ಇರಲಿಲ್ಲ. ಅಮ್ಮ ಸುಮ್ಮನೆ ಅವನ ಕಾಲು ನೀವುತ್ತಾ ಕೂತಳು.

ಹಾಗಾಗಿ ಈ ಸಲ ಅಮ್ಮನಿಗೆ ಪಾಠ ಇಲ್ಲ. ಅವನೇ ಮಾತಾಡ್ತಾನೆ. ಒಂದು ವಾಕ್ಯ ಮುಗಿಸಲು ಅವನಿಗೆ ಒಂದು ನಿಮಿಷ ಬೇಕು. ಎದುರು ಕೂತವರು ಅಷ್ಟು ಹೊತ್ತು ಕಾಯ್ತಾರಾ? ನನಗೀಗ ಅದೊಂದೇ ಚಿಂತೆ.